ನೀರು ಬರುವ ಮೊದಲಿನ ಅಧ್ಯಕ್ಷರು

ನೀರಾವರಿ ಇಲಾಖೆಯಲ್ಲಿ ನೀರಿಗಿಂತ ಮೊದಲು ಸಂಘ ಬರುತ್ತದೆ. ಜನರ ಸಹಭಾಗಿತ್ವವಿಲ್ಲದೆ ನೀರಿನ ನಿರ್ವಹಣೆ ಸಾಧ್ಯವಿಲ್ಲ ಎಂದು ಬೆಂಗಳೂರಿನಲ್ಲಿ ಯಾರೋ ತಿಳಿದವರು ತೀರ್ಮಾನಿಸಿದ್ದರು. ತೀರ್ಮಾನ ಒಳ್ಳೆಯದೇ. ಆದರೆ ಅದು ಹರಪನಹಳ್ಳಿ ತಲುಪುವ ಹೊತ್ತಿಗೆ ಒಂದು ಗುರಿಯಾಗಿ ಮಾರ್ಪಟ್ಟಿತ್ತು: ಕೆರೆ ತುಂಬಿಸುವ ಯೋಜನೆಯ ಪ್ರತಿ ಊರಿನಲ್ಲೂ ಮಾರ್ಚ್ ಮುಗಿಯುವುದರೊಳಗೆ ಒಂದು ನೀರು ಬಳಕೆದಾರರ ಸಂಘ ಇರತಕ್ಕದ್ದು. ಯೋಜನೆ ಇನ್ನೂ ನಕ್ಷೆಯಲ್ಲಿತ್ತು. ತುಂಗಭದ್ರೆ ತನ್ನ ಪಾಡಿಗೆ ತಾನು ದೂರದಲ್ಲಿ ಹರಿಯುತ್ತಿದ್ದಳು. ಹೀಗೆ ನೀರಿಲ್ಲದ ಊರುಗಳಲ್ಲಿ ನೀರು ಬಳಸುವವರನ್ನು ಹುಡುಕಿಕೊಂಡು ಜೀಪು ಹತ್ತಿದವನು ನಾನು, ಅಲ್ಲಿನ ಉಪವಿಭಾಗದ ಸಹಾಯಕ ಎಂಜಿನಿಯರ್.

ನಮ್ಮ ತಾಲ್ಲೂಕಿನ ಅರಸೀಕೆರೆ ದಾಟಿ ಉಜ್ಜಿನಿ ಕಡೆಗೆ ಹೋಗುವ ದಾರಿಯಲ್ಲಿ ಆ ಊರು. ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತ್ತು. ಸದಸ್ಯರಾಗಲು ಎಲ್ಲರೂ ಒಪ್ಪಿದರು, ಅಧ್ಯಕ್ಷರಾಗಲು ಯಾರೂ ಮುಂದೆ ಬರಲಿಲ್ಲ. ಗ್ರಾಮ ಪಂಚಾಯ್ತಿ ಚುನಾವಣೆಯಾದರೆ ಅಣ್ಣತಮ್ಮಂದಿರೇ ತಲೆ ಒಡೆದುಕೊಳ್ಳುವ ಊರು ಅದು. ಈ ಸಂಘಕ್ಕಾಗಿ ತಲೆ ಒಡೆದುಕೊಳ್ಳುವಂಥದ್ದೇನೂ ಇಲ್ಲವೆಂದು ಎಲ್ಲರಿಗೂ ತಿಳಿದಿತ್ತು. ಕೊನೆಗೆ ಗೊಬ್ಬರದ ಅಂಗಡಿಯ ಕೊಟ್ರೇಶಪ್ಪ, ಊರಿನ ದೊಡ್ಡ ಮಾತುಗಾರ, ಹಿಂದೆ ನಿಂತಿದ್ದ ಒಬ್ಬರ ಕಡೆ ಕೈ ತೋರಿಸಿದರು.

“ನಮ್ಮ ಕಂಡಕ್ಟರ್ ಅಣ್ಣನ್ನ ಮಾಡ್ರಿ ಸಾಹೇಬ್ರ. ಮೊನ್ನೆ ರಿಟೈರ್ ಆಗಿ ಬಂದಾನ. ಮನ್ಯಾಗ ಹೆಂಡ್ತಿಗೂ ‘ಮುಂದಕ್ಕ ಸರೀರಿ’ ಅಂತಾನಂತ.”

ಜನ ನಕ್ಕರು. ಆ ಮನುಷ್ಯ ಮಾತ್ರ ನಗಲಿಲ್ಲ. ಕಾಲು ಸ್ವಲ್ಪ ಅಗಲಿಸಿ, ನೆಲ ಯಾವ ಗಳಿಗೆಯಲ್ಲಿ ಬ್ರೇಕ್ ಹಾಕೀತೋ ಎಂಬಂತೆ ನಿಂತಿದ್ದರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ರೂಟಿನಲ್ಲಿ ಆಯುಷ್ಯವನ್ನೆಲ್ಲ ನಿಂತೇ ಕಳೆದವರು. ನಿಧಾನವಾಗಿ ಮುಂದೆ ಬಂದು ನನ್ನನ್ನು ಕೇಳಿದರು.

“ಈ ಸಂಘದ ಅಧ್ಯಕ್ಷ ಏನು ಮಾಡಬೇಕ್ರಿ?”

“ನೀರು ಬಂದ ಮ್ಯಾಲೆ ಪಾಳಿ ಪ್ರಕಾರ ಹಂಚಬೇಕು.”

“ನೀರು ಯಾವಾಗ ಬರತಾವ?”

“ಯೋಜನೆ ಪರಿಶೀಲನೆಯಲ್ಲಿದೆ,” ಎಂದೆ. ಇದು ನಮ್ಮ ಇಲಾಖೆಯಲ್ಲಿ ನಮಸ್ಕಾರ ಇದ್ದ ಹಾಗೆ. ಅರ್ಥ ನೋಡಿ ಯಾರೂ ಹೇಳುವುದಿಲ್ಲ.

ಅವರು ಸ್ವಲ್ಪ ಯೋಚಿಸಿದರು. “ಹಂಗಾರ ಆಗ್ತೀನ್ರಿ. ಬಸ್ಸು ಬರೋದಕ್ಕಿಂತ ಮೊದಲ ಮಂದೀನ ಸಾಲು ನಿಂದರಿಸ್ಬೇಕು. ಬಂದ ಮ್ಯಾಲೆ ದೇವರು ಇಳಿದು ಬಂದ್ರೂ ಆಗಂಗಿಲ್ಲ.”

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ. ಅಂದಿನಿಂದ ಆ ಊರಿಗೂ ನಮ್ಮ ಕಚೇರಿಗೂ ಅವರು ಅಧ್ಯಕ್ಷರೇ. ಮೊದಮೊದಲು ಜನ ಗೇಲಿಗೆ ಹಾಗೆ ಕರೆದರು. ಆಮೇಲೆ ಅದೇ ಅಭ್ಯಾಸವಾಯಿತು.

ಬೇರೆ ಊರುಗಳಲ್ಲಿ ನಾನು ಕಟ್ಟಿದ ಸಂಘಗಳು ಕಟ್ಟಿದ ದಿನವೇ ಕಣ್ಣು ಮುಚ್ಚಿದವು. ಇಲ್ಲಿ ಮಾತ್ರ ಪ್ರತಿ ಅಮಾವಾಸ್ಯೆಯ ಮರುದಿನ ಸಭೆ ನಡೆಯತೊಡಗಿತು. ಅಧ್ಯಕ್ಷರು ಮನೆಮನೆಗೂ ಹೋಗಿ ಸದಸ್ಯರನ್ನು ಹೊರಡಿಸಿಕೊಂಡು ಬರುತ್ತಿದ್ದರು. ಬೆನ್ನ ಮೇಲೆ ಕೈಯಿಟ್ಟು ನೂಕಿದರೂ ನೂಕಿದ ಹಾಗೆ ಕಾಣದ ಒಂದು ಕಲೆ ಅವರ ಅಂಗೈಯಲ್ಲಿತ್ತು.

ಅವರು ಹಿಡಿದು ಕೂತದ್ದು ಒಂದೇ ವಿಷಯವನ್ನು. ನಕ್ಷೆಯ ಪ್ರಕಾರ ಕೊಳವೆ ಮೊದಲು ಊರಿನ ದೊಡ್ಡ ಕೆರೆಗೆ ಬರುತ್ತದೆ. ಅಲ್ಲೊಂದು ವಾಲ್ವು. ಅದನ್ನು ತಿರುವಿದರೆ ನೀರು ಮುಂದೆ ಲಂಬಾಣಿ ತಾಂಡಾದ ಸಣ್ಣ ಕಟ್ಟೆಗೆ ಹೋಗುತ್ತದೆ. ಕೊಳವೆ ಮುಗಿಯುವುದೇ ಅಲ್ಲಿ. ಹೊಳೆ ತುಂಬಿ ಹರಿಯುವ ಮಳೆಗಾಲದಲ್ಲಿ ಮಾತ್ರ ನೀರೆತ್ತಲು ಅಪ್ಪಣೆ. ಆ ಕೆಲವು ವಾರಗಳಲ್ಲಿ ಕೆರೆಗೆ ಬಿದ್ದ ನೀರು ಇಂಗಿ ಸುತ್ತಲಿನ ಬೋರುಗಳಿಗೆ ಜೀವ ಬರಬೇಕು. ಅಂದಮೇಲೆ ಮೊದಲು ಯಾರಿಗೆ, ಎಷ್ಟು? ನಮ್ಮ ಯೋಜನಾ ವರದಿಯಲ್ಲಿ ಈ ಪ್ರಶ್ನೆಗೆ ‘ಸ್ಥಳೀಯವಾಗಿ ನಿರ್ಧರಿಸಲಾಗುವುದು’ ಎಂದು ಬರೆದು ಕೈ ತೊಳೆದುಕೊಂಡಿದ್ದೆವು.

ಅಧ್ಯಕ್ಷರು ಸ್ಥಳೀಯವಾಗಿ ನಿರ್ಧರಿಸಿಯೇ ಬಿಟ್ಟರು. ಊರ ಕೆರೆ ಅರ್ಧ ತುಂಬಿದ ಕೂಡಲೇ ವಾಲ್ವು ತಾಂಡಾದ ಕಡೆ ತಿರುವಬೇಕು. ಕಟ್ಟೆ ತುಂಬಿದ ಮೇಲೆ ಮತ್ತೆ ಊರ ಕೆರೆಗೆ. ಠರಾವು ಬರೆಸಿದಾಗ ಗುಡಿಯ ಮುಂದೆ ಎಲ್ಲರೂ ಕೈ ಎತ್ತಿದರು. ಉಪಾಧ್ಯಕ್ಷರಾಗಿದ್ದ ಕೊಟ್ರೇಶಪ್ಪನಂತೂ ಎರಡೂ ಕೈ ಎತ್ತಿದರು. ಇಲ್ಲದ ನೀರನ್ನು ಹಂಚುವಾಗ ನಮ್ಮ ಜನರಷ್ಟು ಧಾರಾಳಿಗಳು ಬೇರೆಲ್ಲೂ ಸಿಗುವುದಿಲ್ಲ.

ಒಬ್ಬರಿಗೆ ಮಾತ್ರ ಆ ಧಾರಾಳತನ ನಂಬಲಾಗಲಿಲ್ಲ. ರುಕ್ಲಿಬಾಯಿ ತಾಂಡಾದವಳು. ಮಹಿಳೆಯೊಬ್ಬರು ಇರಲೇಬೇಕೆಂಬ ನಿಯಮಕ್ಕಾಗಿ ಆಕೆಯನ್ನು ಸಂಘಕ್ಕೆ ಸೇರಿಸಿಕೊಂಡಿದ್ದೆವು. ಗುಡಿಯ ಕಟ್ಟೆಯ ಕೆಳಗೆ ನಿಂತೇ ಕೇಳಿದಳು: “ಅಧ್ಯಕ್ಷರ, ಈ ಮಾತು ನೀರು ಬಂದ ಮ್ಯಾಲೂ ಇರತೈತಾ?”

“ಟಿಕೆಟ್ ಹರದು ಕೊಟ್ಟ ಮ್ಯಾಲೆ ನಡುದಾರ್‍ಯಾಗ ಇಳಸಾಕ ಬರಂಗಿಲ್ಲವ್ವಾ,” ಎಂದರು. “ಮೊದಲು ನೀ ಮ್ಯಾಲೆ ಬಂದು ಕುಂದರು. ಸೀಟೈತಿ.”

ಒಮ್ಮೆ ನಾನು ಹೋದಾಗ ಒಣಕೆರೆಯ ಅಂಗಳದಲ್ಲಿ ಇಬ್ಬರು ಬೀಗರು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ನಿಂತಿದ್ದರು. ಕೊಳವೆಯ ಬಾಯಿ ಯಾರ ಬೋರಿನ ಸಮೀಪ ಬೀಳಬೇಕು ಎಂಬ ಜಗಳ. ಬಾರದ ನೀರಿಗಾಗಿ ನಡೆದ ಮೊದಲ ಕದನವದು. ಅಧ್ಯಕ್ಷರು ಬಳ್ಳಾರಿ ಜಾಲಿಯ ಅರೆಬರೆ ನೆರಳಲ್ಲಿ ಕೂತು ಸಂತೋಷದಿಂದ ನೋಡುತ್ತಿದ್ದರು.

“ಬಿಡಸ್ರಿ ಅಧ್ಯಕ್ಷರ!” ಎಂದೆ.

“ಆಡ್ಲಿ ಬಿಡ್ರಿ ಸಾಹೇಬ್ರ. ಈಗ ಆಡಿದ್ರ ಅಂಗಿ ಹರೀತೈತಿ. ನೀರು ಬಂದ ಮ್ಯಾಲೆ ಆಡಿದ್ರ ತಲಿ ಒಡೀತೈತಿ.”

ಅವರು ನಮ್ಮ ಕಚೇರಿಗೆ ಬರುತ್ತಿದ್ದುದು ಮಂಗಳವಾರ. ಬಂದವರು ಕೂರುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒಂದು ಭುಜ ಕೊಟ್ಟು ನಿಂತು ಮಾತಾಡುತ್ತಿದ್ದರು. ಒಮ್ಮೆ ಕೆರೆಯ ಹೂಳು ತೆಗೆಸಿ ಎಂದು ಕೇಳಲು ಬಂದರು. ಅದು ನಮ್ಮ ಇಲಾಖೆಯ ಕೆಲಸವಲ್ಲ ಎಂದು ನಾನು ವಿವರಿಸಬೇಕಾಯಿತು. ಕೆರೆ ಪಂಚಾಯ್ತಿಯವರದು. ಕೆರೆಗೆ ಬರುವ ಕೊಳವೆ ನಮ್ಮದು. ಅಂಗಳದಲ್ಲಿ ಬೆಳೆದ ಜಾಲಿ ಕಡಿಯಲು ಅರಣ್ಯದವರನ್ನು ಕೇಳಬೇಕು. ನೀರು ನಿಂತರೆ ಮೀನು ಮೀನುಗಾರಿಕೆಯವರದು. ಅದೇ ನೀರು ಇಂಗಿ ನೆಲದೊಳಗೆ ಹೋಯಿತೆಂದರೆ ಅಂತರ್ಜಲದವರದು.

ಅವರು ತಲೆದೂಗುತ್ತ ಕೇಳಿಸಿಕೊಂಡರು. “ಒಂದು ಬಸ್ಸಿಗೆ ಇಷ್ಟು ಮಂದಿ ಡ್ರೈವರ್ ಅದಾರಂದ್ರ,” ಎಂದರು, “ತಳ್ಳಾಕರ ಒಬ್ಬ ಬೇಕಲ್ರಿ.”

ಹೂಳನ್ನು ಕೊನೆಗೆ ಊರಿನ ಟ್ರ್ಯಾಕ್ಟರುಗಳೇ ತೆಗೆದವು. ಕೆರೆಯ ಮಣ್ಣು ಹೊಲಕ್ಕೆ ಒಳ್ಳೆಯದೆಂದು ಅಧ್ಯಕ್ಷರು ಪ್ರಚಾರ ಮಾಡಿದ್ದರು. ಯಾವ ಇಲಾಖೆಯ ಅನುಮತಿಯೂ ಇಲ್ಲದೆ ಅಷ್ಟು ಕೆಲಸವಾದದ್ದನ್ನು ನೋಡಿ ನಮ್ಮ ಮೇಲಿನ ಸಾಹೇಬರು ಗಾಬರಿಯಾಗಿ, ನಾವು ಅದನ್ನು ನೋಡಿಲ್ಲವೆಂದು ತೀರ್ಮಾನಿಸಿದರು.

ಅಷ್ಟರಲ್ಲಿ ತಾಲ್ಲೂಕು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೋಯಿತು. ಸ್ವಲ್ಪ ಕಾಲಕ್ಕೆ ಆ ಜಿಲ್ಲೆಯೂ ಬೇರೆಯಾಯಿತು. ಊರು ಇದ್ದಲ್ಲೇ ಇತ್ತು. ಕಡತ ಮಾತ್ರ ಊರೂರು ತಿರುಗಿತು. ಒಂದು ಕಚೇರಿ ‘ಹಸ್ತಾಂತರಿಸಲಾಗಿದೆ’ ಎಂದಿತು, ಇನ್ನೊಂದು ‘ಸ್ವೀಕೃತವಾಗಿಲ್ಲ’ ಎಂದಿತು. ಒಂದು ಇಡೀ ಮಳೆಗಾಲ ಆ ಕೆರೆ ಯಾವ ಜಿಲ್ಲೆಯ ಯೋಜನೆಯಲ್ಲೂ ಇರಲಿಲ್ಲ. ಊರ ಎಮ್ಮೆಗಳು ಮಾತ್ರ ಎಂದಿನಂತೆ ಅಲ್ಲಿನ ಕೆಸರಿನಲ್ಲಿ ಹೋಗಿ ಮಲಗುತ್ತಿದ್ದವು. ಗುದ್ದಲಿ ಪೂಜೆಯೂ ಒಂದಕ್ಕಿಂತ ಹೆಚ್ಚು ಸಲ ಆಯಿತು. ಸರ್ಕಾರ ಬದಲಾದಾಗಲೆಲ್ಲ ಹೊಸಬರು ಬಂದು ಅದೇ ಜಾಗದಲ್ಲಿ ಗುದ್ದಲಿ ಹಾಕುತ್ತಿದ್ದರು. “ಇಷ್ಟೂ ಮಂದಿ ಒಂದ ದಿನ ಬಂದು ಅಗದಿದ್ರ,” ಎಂದರು ಅಧ್ಯಕ್ಷರು, “ಇಷ್ಟೊತ್ತಿಗೆ ಇಲ್ಲೇ ನೀರು ಬೀಳ್ತಿತ್ತು.”

ಸದಸ್ಯರಿಗೆ ಬೇಸರ ಬಂದಿತ್ತು. ಸಭೆಗೆ ಬರುವವರು ಕಡಿಮೆಯಾದರು. ಆಗ ಅಧ್ಯಕ್ಷರು ಒಂದು ಉಪಾಯ ಮಾಡಿದರು: ಬರಲಿರುವ ಹೊಳೆಯನ್ನು ಮೊದಲು ನಾವೇ ಹೋಗಿ ನೋಡಿ ಬರೋಣ. ಒಂದು ಭಾನುವಾರ ಎಲ್ಲರನ್ನೂ ಹಡಗಲಿ ಬಸ್ಸಿಗೆ ಹತ್ತಿಸಿಕೊಂಡು ಹೊಳೆ ದಂಡೆಯ ಮಾಗಳಕ್ಕೆ ಹೊರಟರು. ನನ್ನನ್ನೂ ಎಳೆದುಕೊಂಡು ಹೋದರು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವರು ಕೂರಲಿಲ್ಲ. ಕಂಡಕ್ಟರ್ ಹುಡುಗನಿಗೆ ಇದು ಕಷ್ಟವಾಯಿತು. ಯಾರು ಎಲ್ಲಿ ಇಳಿಯುವವರು ಎಂಬುದನ್ನು ಅವನಿಗಿಂತ ಮೊದಲೇ ಇವರು ಕೂಗುತ್ತಿದ್ದರು.

ಮಾಗಳದಲ್ಲಿ ಹೊಳೆ ತುಂಬಿತ್ತು. ನಮ್ಮ ಜನ ದಂಡೆಯಲ್ಲೇ ನಿಂತುಬಿಟ್ಟರು. ಅಷ್ಟು ನೀರನ್ನು ಒಂದೇ ಕಡೆ ಕಂಡವರು ಅವರಲ್ಲಿ ಕಡಿಮೆ. ರುಕ್ಲಿಬಾಯಿ ಸೀರೆಯ ನಿರಿಗೆ ಎತ್ತಿಕೊಂಡು ಮೊಣಕಾಲ ಮಟ ಇಳಿದು, ಅಂಗೈಯಲ್ಲಿ ನೀರು ತುಂಬಿ, ಅದನ್ನು ಕುಡಿಯದೆ, ಹಾಗೇ ವಾಪಸ್ಸು ಬಿಟ್ಟಳು.

“ಯಾಕ್ ತಂಗಿ?” ಎಂದರು ಅಧ್ಯಕ್ಷರು.

“ನಮ್ಮೂರಿಗೆ ಬಂದಾಗ ಕುಡೀತೀನ್ರಿ,” ಎಂದಳು.

ಮರಳುವಾಗಲೂ ಅಧ್ಯಕ್ಷರು ಬಸ್ಸಿನಲ್ಲಿ ನಿಂತೇ ಇದ್ದರು. ಆಮೇಲೆ ನನ್ನ ಕಡೆ ಬಾಗಿ, “ಸಾಹೇಬ್ರ, ಇದು ನಿಮಗ ಬರೇ ನಕ್ಷಾ. ಈ ಹೆಣ್ಮಗಳಿಗೆ ನಾನು ಮಾತು ಕೊಟ್ಟೀನಿ,” ಎಂದರು. ಅವರ ಮಾತಿನಲ್ಲಿ ಮೊದಲ ಸಲ ಹಾಸ್ಯವಿರಲಿಲ್ಲ.

ನೀರು ಬಂದೇ ಬಂತು. ಇದನ್ನು ನಾನು ಈಗಲೂ ಅಚ್ಚರಿಯಿಂದಲೇ ಬರೆಯುತ್ತೇನೆ. ಬರಲಾರದು ಎಂಬುದನ್ನು ಆಧಾರವಾಗಿಟ್ಟುಕೊಂಡೇ ನಮ್ಮಲ್ಲಿ ಅನೇಕರು ಆ ಯೋಜನೆಗಾಗಿ ಪ್ರಾಮಾಣಿಕವಾಗಿ ದುಡಿದಿದ್ದೆವು. ಆ ವರ್ಷ ಹೊಳೆಯ ಮೇಲ್ಭಾಗದಲ್ಲಿ ಮಳೆ ಚೆನ್ನಾಗಿತ್ತು, ನಮ್ಮ ಕಡೆ ಮೋಡ ಬಂದು ಬಂದು ಹೋಗುತ್ತಿತ್ತು. ಕೊಳವೆಯ ಬಾಯಿಂದ ಮೊದಲು ಗಾಳಿ ಬಂತು, ಆಮೇಲೆ ಕೆಂಪು ಕೆಸರು, ಆಮೇಲೆ ನೀರು. ಊರಿಗೆ ಊರೇ ಏರಿಯ ಮೇಲಿತ್ತು. ಹೆಂಗಸರು ಅರಿಶಿನ ಕುಂಕುಮ ಹಾಕಿದರು. ಕೊಟ್ರೇಶಪ್ಪ ಪೇಢೆ ಹಂಚಿದರು. ಅಧ್ಯಕ್ಷರು ವಾಲ್ವಿನ ಗುಂಡಿಯ ಪಕ್ಕದಲ್ಲಿ, ಕಾಲು ಅಗಲಿಸಿ, ಯಾರೂ ತಳ್ಳಾಡದಂತೆ ನೋಡಿಕೊಳ್ಳುತ್ತ ನಿಂತಿದ್ದರು.

ಕೆರೆ ಅರ್ಧ ತುಂಬಿದ ದಿನ ಮಧ್ಯಾಹ್ನ ನನಗೆ ಅವರ ಫೋನ್ ಬಂತು. “ಸಾಹೇಬ್ರ, ವಾಲು ತಿರುವೋ ಟೈಮ್ ಆತು. ನಿಮ್ಮವ ಒಬ್ಬನ್ನ ಕಳಿಸ್ರಿ. ನೀವೂ ಬಂದ್ರ ಛಲೋ.”

ನಾನು ಹೋದಾಗ ವಾಲ್ವಿನ ಸುತ್ತ ಜನ. ಪೇಢೆ ತಿಂದಿದ್ದ ಮುಖಗಳೇ, ಆದರೆ ಗುರುತು ಹತ್ತದಂತಾಗಿದ್ದವು. ಕೊಟ್ರೇಶಪ್ಪ ಮುಂದೆ ಬಂದರು.

“ನೋಡ್ರಿ ಸಾಹೇಬ್ರ, ಇವತ್ತು ನೀರು ಅದಾವ. ನಾಳೆ ಮೋಟಾರು ಸುಟ್ರ? ಹೊಳಿ ಇಳದ್ರ? ಮೊದಲು ನಮ್ಮ ಕೆರಿ ತುಂಬ್ಲಿ. ಉಳದ್ರ ಕೊಡೋಣಂತ.”

“ಉಳದ್ರ ಅಂತ ನಾವು ಬರಸಿಲ್ಲಲ್ಲೋ ಕೊಟ್ರೇಶಿ,” ಎಂದರು ಅಧ್ಯಕ್ಷರು.

“ಬರಸಿದಾಗ ನೀರು ಇರಲಿಲ್ಲೋ ಅಣ್ಣಾ!”

“ಅದಕ್ಕ ಬರಸಿದ್ದು.”

“ನಿನ್ನ ಹೊಲ ಎಲ್ಲೈತಿ? ಇದ ಕೆರಿ ಕೆಳಗ ಐತಲ್ಲ? ನಿನ್ನ ಉಳ್ಳಾಗಡ್ಡಿ ಒಣಗೋದು ಕಾಣಂಗಿಲ್ಲೇನು?”

ಅದು ನಿಜ. ಅಧ್ಯಕ್ಷರ ಬೋರು ಎರಡು ವರ್ಷದಿಂದ ಸತ್ತಿತ್ತು. ಕೆರೆ ಪೂರ್ತಿ ತುಂಬಿದರೆ ಮೊದಲು ಜೀವ ಹಿಡಿಯುವ ಬೋರುಗಳಲ್ಲಿ ಅದೂ ಒಂದು. ಅಧ್ಯಕ್ಷರು ತಿರುಗಿ ತಮ್ಮ ಹೊಲದ ಕಡೆ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಇನ್ನು ಮನಸ್ಸು ಬದಲಾಯಿಸುತ್ತಾರೆಂದೇ ನನಗೆ ಅನ್ನಿಸಿತು. ಆಗ ಏರಿಯ ಆ ತುದಿಯಲ್ಲಿ ತಾಂಡಾದ ಜನ ಬಂದು ನಿಂತರು. ಅವರು ಹತ್ತಿರ ಬರಲಿಲ್ಲ, ಕೂಗಲಿಲ್ಲ. ರುಕ್ಲಿಬಾಯಿ ಒಬ್ಬಳೇ ಮುಂದೆ ನಿಂತು, ಇತ್ತಲೇ ನೋಡುತ್ತಿದ್ದಳು.

“ಕಾಣತೈತೋ,” ಎಂದರು ಅಧ್ಯಕ್ಷರು. “ನನ್ನ ಉಳ್ಳಾಗಡ್ಡೀನೂ ಕಾಣತೈತಿ, ಆಕೀನೂ ಕಾಣತಾಳ.”

ಅವರೇ ಗುಂಡಿಗೆ ಇಳಿದರು. ನಮ್ಮ ಆಪರೇಟರು ಕೈ ಹಚ್ಚಲು ಹೆದರಿದ್ದ. ಚಕ್ರ ಬಿಗಿಯಾಗಿತ್ತು. ಒಬ್ಬರೇ ಎರಡು ಕೈಯಿಂದ ತಿರುವುತ್ತಿದ್ದರು. ಯಾರೋ ಮೇಲಿನಿಂದ ಒಂದು ಮಣ್ಣಿನ ಹೆಂಟೆ ಎಸೆದರು, ಅದು ಅವರ ಭುಜಕ್ಕೆ ಬಿತ್ತು. ಅವರು ತಲೆ ಎತ್ತಲಿಲ್ಲ. ನಾನೂ ಇಳಿದು ಚಕ್ರಕ್ಕೆ ಕೈ ಕೊಟ್ಟೆ. ನನ್ನ ಧೈರ್ಯದ ಬಗ್ಗೆ ತಪ್ಪು ತಿಳಿಯಬಾರದು: ಮೇಲೆ ಜನರ ನಡುವೆ ನಿಲ್ಲುವುದಕ್ಕಿಂತ ಗುಂಡಿಯೊಳಗೇ ವಾಸಿ ಎನ್ನಿಸಿತ್ತು. ಊರ ಕೆರೆಗೆ ಬೀಳುತ್ತಿದ್ದ ನೀರಿನ ಸದ್ದು ಸಣ್ಣದಾಗುತ್ತ ನಿಂತಿತು.

ತಾಂಡಾದ ಕಟ್ಟೆ ತುಂಬಿತು. ಅದು ತುಂಬಿದ ಮೇಲೆ ಮಾತಿನಂತೆ ವಾಲ್ವನ್ನು ಮತ್ತೆ ಊರ ಕೆರೆಗೆ ತಿರುವಿದರು. ಒಂದು ವಾರ ಹರಿದಿರಬೇಕು, ಅಷ್ಟರಲ್ಲಿ ಹೊಳೆ ದಂಡೆಯ ಪಂಪ್‌ಹೌಸಿನಲ್ಲಿ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ಕೊಟ್ರೇಶಪ್ಪ ಹೆದರಿದಂತೆಯೇ ಆಯಿತು. ದುರಸ್ತಿಗೆ ಟೆಂಡರು ಕರೆದು ಮುಗಿಯುವಷ್ಟರಲ್ಲಿ ಹೊಳೆಯೂ ಇಳಿದಿತ್ತು. ಊರ ಕೆರೆ ಮುಕ್ಕಾಲಿನ ಆಸುಪಾಸಿನಲ್ಲಿ ನಿಂತಿತು. ಅಧ್ಯಕ್ಷರ ಬೋರು ಒದ್ದೆ ಗಾಳಿ ಬಿಟ್ಟಿತೇ ಹೊರತು ನೀರು ಕೊಡಲಿಲ್ಲ. ಉಳ್ಳಾಗಡ್ಡಿ ಹೊಲದಲ್ಲೇ ಹೋಯಿತು.

ಅಲ್ಲಿಯವರೆಗೆ ಮಾಡಲು ಕೆಲಸವೇ ಇಲ್ಲದಿದ್ದ ಸಂಘ ತನ್ನ ಮೊದಲ ದೊಡ್ಡ ಕೆಲಸಕ್ಕೆ ಕೈ ಹಾಕಿತು: ಅಧ್ಯಕ್ಷರನ್ನು ಇಳಿಸುವುದು. ಅವಿಶ್ವಾಸದ ಸಭೆಗೆ ಇಲಾಖೆಯ ಪರವಾಗಿ ನಾನು ಹೋಗಬೇಕಾಯಿತು. ಅಷ್ಟು ಜನ ಯಾವ ಸಭೆಗೂ ಸೇರಿರಲಿಲ್ಲ. ಅಧ್ಯಕ್ಷರೇ ಎಲ್ಲರಿಗೂ ಜಾಗ ಮಾಡಿಕೊಟ್ಟರು, ಮುಂದಿನವರನ್ನು ಒತ್ತಿ ಕೂರಿಸಿ ಹಿಂದಿನವರನ್ನು ಒಳಗೆ ತಂದರು. ಪರವಾಗಿ ಎಷ್ಟು, ವಿರೋಧವಾಗಿ ಎಷ್ಟು ಎಂದು ನಾನು ಎಣಿಸುವಾಗ ಕೈ ಎತ್ತಿ, “ಸಾಹೇಬ್ರ, ಆ ಮೂಲ್ಯಾಗ ಇಬ್ಬರನ್ನ ಬಿಟ್ರಿ,” ಎಂದರು. ಆ ಇಬ್ಬರೂ ಅವರ ವಿರುದ್ಧ ಕೈ ಎತ್ತಿದ್ದವರು. ಅವರ ಪರವಾಗಿ ಎತ್ತಿದ್ದು ರುಕ್ಲಿಬಾಯಿ ಮತ್ತು ತಾಂಡಾದ ಬೇರೆ ಕೆಲವರು. ಕೊಟ್ರೇಶಪ್ಪ ಹೊಸ ಅಧ್ಯಕ್ಷರಾದರು. ಹಳಬರು ಸಂಘದ ರಬ್ಬರ್ ಮೊಹರನ್ನು ಅಂಗಿಯ ತುದಿಯಿಂದ ಒರೆಸಿ ಅವರ ಕೈಗೆ ಕೊಟ್ಟರು.

ಹೊರಡುವಾಗ ಹಳೆಯ ಅಧ್ಯಕ್ಷರ ಮನೆಗೆ ಹೋಗಿದ್ದೆ. ಅವರು ಹಿತ್ತಲಿನಲ್ಲಿದ್ದರು, ಹೊರಗೆ ಬರಲಿಲ್ಲ. ಹೆಂಡತಿ ಚಹಾ ತಂದುಕೊಟ್ಟು ಮೆಲ್ಲಗೆ ಹೇಳಿದರು: “ರಿಟೈರ್ ಆದ ದಿನ ಹಾರ ಹಾಕ್ಕೊಂಡು ನಕ್ಕೋಂತ ಬಂದಿದ್ರು. ಇವತ್ತು ಗೋಡಿ ಕಡೆ ಮುಖ ಮಾಡಿ ಕುಂತಾರ. ಪಗಾರ ಇಲ್ಲದ ಕೆಲಸಕ್ಕ ಇಷ್ಟು ಹಚ್ಚಿಗೋಬೇಕೇನ್ರಿ?”

ಪಗಾರ ಇರುವ ಕೆಲಸಕ್ಕೂ ಅಷ್ಟು ಹಚ್ಚಿಕೊಂಡವರನ್ನು ನಾನು ಕಂಡಿರಲಿಲ್ಲ.

ಅದೇ ವರ್ಷ ಇಲಾಖೆಗೆ ಉತ್ತಮ ನೀರು ಬಳಕೆದಾರರ ಸಂಘವೊಂದನ್ನು ಸನ್ಮಾನಿಸಬೇಕೆಂಬ ಉಮೇದು ಬಂತು. ಸಮಾನವಾಗಿ ನೀರು ಹಂಚಿದ ಸಂಘದ ಹೆಸರು ಕಳಿಸಿ ಎಂದು ಮೇಲಿನಿಂದ ಫೋನು. ನಮ್ಮ ವಿಭಾಗದ ಸಂಘಗಳಲ್ಲಿ ಏನನ್ನಾದರೂ ಹಂಚಿದ್ದು ಇದೊಂದೇ. ವಾಲ್ವು ತಿರುವಿದ ಕತೆಯನ್ನು ನಾನು ಹೆಂಟೆಯ ಭಾಗ ಬಿಟ್ಟು ಬರೆದು ಕಳಿಸಿದೆ. ಸನ್ಮಾನ ಸಂಘಕ್ಕೆ, ಅಂದರೆ ಹಾಲಿ ಅಧ್ಯಕ್ಷರಿಗೆ.

ಹಡಗಲಿಯಲ್ಲಿ ಸಮಾರಂಭ. ಕೊಟ್ರೇಶಪ್ಪನವರಿಗೆ ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಗಾಜಿನ ಫಲಕ ಕೊಟ್ಟರು. ಅವರು ಮೈಕು ಹಿಡಿದು, “ಕಟ್ಟಕಡೆಯ ಮನುಷ್ಯನಿಗೂ ನೀರು ಮುಟ್ಟಬೇಕು ಎಂಬುದು ಮೊದಲಿನಿಂದಲೂ ನನ್ನ ಧ್ಯೇಯ,” ಎಂದು ಗ್ರಂಥದ ಭಾಷೆಯಲ್ಲಿ ಹೇಳಿದರು. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ಅದು ಸುಳ್ಳಿನ ಕಣ್ಣೀರಲ್ಲ. ವೇದಿಕೆಯ ಮೇಲೆ ನಿಂತು ಎರಡು ಸಲ ಹೇಳಿದ ಮಾತನ್ನು ಮನುಷ್ಯ ತಾನೇ ನಂಬತೊಡಗುತ್ತಾನೆ.

ಹಳೆಯ ಅಧ್ಯಕ್ಷರು ಕೊಟ್ರೇಶಪ್ಪ ಬಂದ ಟೆಂಪೋದಲ್ಲೇ ಬಂದು, ಸಭಿಕರ ನಡುವೆ ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ರುಕ್ಲಿಬಾಯಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಡಿಸಿದ್ದರು. ಊಟದ ಹೊತ್ತಿಗೆ ನಾನು ಅವರನ್ನು ಪಕ್ಕಕ್ಕೆ ಕರೆದೆ.

“ನಿಮಗ ಬ್ಯಾಸರ ಆಗಲಿಲ್ಲೇನ್ರಿ?”

“ಆತು. ಸುಳ್ಳ್ಯಾಕ ಹೇಳ್ಲಿ,” ಎಂದರು. ಅನ್ನಕ್ಕೆ ಸಾರು ಕಲಸುತ್ತ ಮುಂದುವರಿಸಿದರು: “ಆದ್ರ ವಿಚಾರ ಮಾಡ್ರಿ. ನನಗ ಕೊಟ್ಟಿದ್ರ ಅದನ್ನ ಮನ್ಯಾಗ ಗೋಡಿ ಮೊಳಿಗೆ ನೇತು ಹಾಕ್ತಿದ್ದೆ, ಅಷ್ಟ. ಅವನಿಗೆ ಕೊಟ್ಟಿದ್ದು ಛಲೋ ಆತು. ಇನ್ನ ಅವ ತಪ್ಪಿಸ್ಕೊಳ್ಳಂಗಿಲ್ಲ.”

ಅವರು ಹೇಳಿದ ಹಾಗೇ ಆಯಿತು. ಕೊಟ್ರೇಶಪ್ಪ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸಿಕೊಂಡರು: ಶಾಲು, ಪೇಟ, ಕೆಳಗೆ ‘ಸಮಪಾಲು ನೀರಿನ ಹರಿಕಾರ’. ಮುಂದಿನ ಮಳೆಗಾಲ ಊರ ಕೆರೆ ಅರ್ಧ ತುಂಬಿದ ದಿನ ರುಕ್ಲಿಬಾಯಿ ತಾಂಡಾದ ಹೆಂಗಸರನ್ನು ಕರೆದುಕೊಂಡು ಗೊಬ್ಬರದ ಅಂಗಡಿಯ ಮುಂದೆ ಬಂದಳಂತೆ. ಜಗಳ ಮಾಡಲಿಲ್ಲ. “ಅಣ್ಣಾ, ನನಗ ಓದಾಕ ಬರಂಗಿಲ್ಲ. ಆ ಬೋರ್ಡಿನ್ಯಾಗ ನಿನ್ನ ಫೋಟೋದ ಕೆಳಗ ಏನು ಬರದಾರ, ಒಂದು ಸಲ ಓದಿ ಹೇಳು,” ಎಂದಳಂತೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಕೊಟ್ರೇಶಪ್ಪ ಓದಿ ಹೇಳಿದರು. ಓದಿದ ಮೇಲೆ ಗುಂಡಿಗೆ ಹಾಕಿಸಿದ್ದ ಬೀಗದ ಕೀಲಿಕೈ ತೆಗೆದುಕೊಂಡು ವಾಲ್ವಿನ ಕಡೆ ನಡೆಯದೆ ಬೇರೆ ದಾರಿ ಇರಲಿಲ್ಲ. ಬೈದುಕೊಳ್ಳುತ್ತಲೇ ತಿರುವಿದರು. ಅದರ ಮುಂದಿನ ವರ್ಷ ಬೈಗುಳ ಕಡಿಮೆಯಾಗಿತ್ತು ಎಂದು ನಮ್ಮ ಆಪರೇಟರು ಹೇಳಿದ.

ಹಳೆಯ ಅಧ್ಯಕ್ಷರು ಸಾಮಾನ್ಯ ಸದಸ್ಯರಾಗಿ ಪ್ರತಿ ಸಭೆಗೂ ಹೋಗುತ್ತಿದ್ದರು. ಯಾರಿಗೂ ಬುದ್ಧಿ ಹೇಳಲಿಲ್ಲ. ಊರು ಮಾತ್ರ ವಿಚಿತ್ರವಾದ ಒಂದು ತೊಡಕಿಗೆ ಸಿಕ್ಕಿತು: ಜನ ಅವರನ್ನು ‘ಅಧ್ಯಕ್ಷರ’ ಎಂದು ಕರೆಯುವುದನ್ನು ಬಿಡಲಿಲ್ಲ. ಕೊಟ್ರೇಶಪ್ಪ ಕೊಟ್ರೇಶಪ್ಪನಾಗಿಯೇ ಉಳಿದರು. ಅವರೂ ಎಷ್ಟೋ ಸಲ ಸಭೆಯಲ್ಲಿ ಬಾಯಿ ತಪ್ಪಿ, “ಅಧ್ಯಕ್ಷರ, ನೀವೇನಂತೀರಿ?” ಎಂದು ಇವರನ್ನೇ ಕೇಳುತ್ತಿದ್ದರು.

ನಾನು ನಿವೃತ್ತನಾಗಿ ಹಗರಿಬೊಮ್ಮನಹಳ್ಳಿಗೆ ಬಂದು ನೆಲೆಸಿದ ಮೇಲೆ ಭೇಟಿ ಅಪರೂಪವಾಯಿತು. ಕಳೆದ ಮಳೆಗಾಲದಲ್ಲಿ ಆಪರೇಟರು ಫೋನ್ ಮಾಡಿ, ಅಧ್ಯಕ್ಷರು ಬೆಳಿಗ್ಗೆ ಚಹಾ ಕುಡಿದು ಒರಗಿದವರು ಏಳಲಿಲ್ಲ ಎಂದ. ಮಣ್ಣಿಗೆ ಹೋದೆ. ಅವರ ಹೊಲದಲ್ಲೇ ಗುಂಡಿ ತೆಗೆದಿದ್ದರು. ತಾಂಡಾದವರು ಎಲ್ಲರಿಗಿಂತ ಮೊದಲೇ ಬಂದು, ಹುಣಸೆಯ ಕೆಳಗೆ ಗುಂಪಾಗಿ ಕೂತಿದ್ದರು. ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಸ್ವಾಮಿಗಳು ಮಂತ್ರ ಹೇಳುತ್ತಿದ್ದಾಗ ಕೊಟ್ರೇಶಪ್ಪನ ಜೇಬಿನಲ್ಲಿ ಫೋನ್ ಸದ್ದಾಯಿತು. ಅವರು ಪಕ್ಕಕ್ಕೆ ಹೋಗಿ ಮಾತಾಡಿ, ಬೈಕಿನ ಕಡೆ ನಡೆದರು.

“ಎಲ್ಲಿಗ್ರಿ, ಈಗ?” ಎಂದೆ ನಾನು.

“ಕೆರಿ ಅರ್ಧ ಆತಂತ್ರಿ. ತಾಂಡಾದ ಪಾಳಿ. ತಿರುವಿ ಬರ್ತೀನಿ.”

“ಮಣ್ಣು ಕೊಟ್ಟು ಹೋಗ್ರಿ. ಒಂದು ತಾಸು ತಡ ಆದ್ರ ಏನಾಗತೈತಿ?”

ಕೊಟ್ರೇಶಪ್ಪ ಗುಂಡಿಯ ಕಡೆ ಒಮ್ಮೆ ನೋಡಿದರು. ಅವರ ಕಣ್ಣು ಕೆಂಪಾಗಿದ್ದವು.

“ನಿಮಗ ಗೊತ್ತಿಲ್ಲ ಸಾಹೇಬ್ರ,” ಎಂದರು. “ತಡ ಮಾಡಿದ್ರ ಈ ಮನಿಷಾ ಎದ್ದು ಬಂದು ತಾನ ತಿರುವತಾನ.”

ಬೈಕು ಏರಿಯ ಕಡೆ ಹೋಯಿತು. ಸ್ವಾಮಿಗಳು ಮಂತ್ರ ಮುಗಿಸಿದರು. ಮಣ್ಣು ಹಾಕಲು ಯಾರೂ ಮುಂದಾಗಲಿಲ್ಲ. ಊರಿನವರೂ ತಾಂಡಾದವರೂ ಮುಷ್ಟಿಯಲ್ಲಿ ಮಣ್ಣು ಹಿಡಿದುಕೊಂಡು, ಕೊಟ್ರೇಶಪ್ಪ ವಾಪಸ್ಸು ಬರುವ ತನಕ, ಒಬ್ಬರ ಹಿಂದೆ ಒಬ್ಬರು ನಿಂತೇ ಇದ್ದೆವು.